ಪಾಠ ಹೋಯಿತು, ಪ್ರಯೋಗ ಉಳಿಯಿತು: ಪಿಯು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಈಗ ಕಲಿಸಬೇಕಾದದ್ದು

ಪ್ರನಾಳದ ಗೋಡೆಗುಂಟ ಸಾರಯುಕ್ತ ಸಲ್ಫ್ಯೂರಿಕ್ ಆಮ್ಲ ಇಳಿಯುತ್ತದೆ. ಎರಡು ದ್ರವಗಳು ಕೂಡುವ ಕಡೆ ಕಂದು ಉಂಗುರ ಮೂಡುತ್ತದೆ. ವಿದ್ಯಾರ್ಥಿ ರೆಕಾರ್ಡಿನಲ್ಲಿ ‘ನೈಟ್ರೇಟ್ ಇದೆ’ ಎಂದು ಬರೆದು ಮುಂದಿನ ಟೆಸ್ಟಿಗೆ ಹೋಗುತ್ತಾನೆ. ಆ ಉಂಗುರ ಯಾವ ವಸ್ತು, ಅದು ಅಲ್ಲೇ ಯಾಕೆ ನಿಂತಿತು, ಅಲುಗಾಡಿಸಿದರೆ ಯಾಕೆ ಮಾಯವಾಗುತ್ತದೆ ಎಂಬುದಕ್ಕೆ ಜಾಗವಿದ್ದ ಅಧ್ಯಾಯ ಈಗ ಅವನ ಪಠ್ಯಪುಸ್ತಕದಲ್ಲಿಲ್ಲ. ಪ್ರಯೋಗ ಮಾತ್ರ ಇದ್ದಂತೆಯೇ ಇದೆ.

2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಲು ಹೊರಟಾಗ 11ನೇ ತರಗತಿಯ ರಸಾಯನಶಾಸ್ತ್ರ 14 ಅಧ್ಯಾಯಗಳಿಂದ 9ಕ್ಕೆ ಬಂತು, 12ನೇ ತರಗತಿಯದ್ದು 16ರಿಂದ 10ಕ್ಕೆ. ಎಸ್-ಬ್ಲಾಕ್ (ಸೋಡಿಯಂ, ಕ್ಯಾಲ್ಸಿಯಂ ಬಗೆಯ ಲೋಹಗಳ ಪಾಠ) ಹೋಯಿತು, ಎರಡೂ ವರ್ಷಗಳ ಪಿ-ಬ್ಲಾಕ್ (ನೈಟ್ರೋಜನ್, ಗಂಧಕ, ಕ್ಲೋರಿನ್ ಮುಂತಾದವುಗಳ ಪಾಠ) ಹೋಯಿತು, ಹೈಡ್ರೋಜನ್, ಮೇಲ್ಮೈ ರಸಾಯನಶಾಸ್ತ್ರ, ಅದಿರಿನಿಂದ ಲೋಹ ತೆಗೆಯುವ ಪಾಠ, ಇವೂ ಹೋದವು. ನಮ್ಮ ಪಿಯು ವಿಜ್ಞಾನ ವಿಭಾಗ ಓದುವುದು ಇದೇ ಪುಸ್ತಕಗಳನ್ನು. ಆದರೆ ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣದಲ್ಲಿ ಯಾವ ಅಯಾನುಗಳಿವೆ ಎಂದು ಪತ್ತೆಹಚ್ಚುವುದು, ಮುಂದುವರಿದಿದೆ. ಕ್ಯಾಲ್ಸಿಯಂ, ಬೇರಿಯಂ, ಮೆಗ್ನೀಸಿಯಂ ಇವನ್ನು ಗುರುತಿಸಬೇಕಾದ ವಿದ್ಯಾರ್ಥಿ ಎಸ್-ಬ್ಲಾಕ್ ಓದಿರುವುದಿಲ್ಲ. ಕ್ಲೋರೈಡ್, ಬ್ರೋಮೈಡ್, ನೈಟ್ರೇಟ್, ಸಲ್ಫೇಟ್ ಪರೀಕ್ಷಿಸುವವರು ಹ್ಯಾಲೋಜನ್ (ಕ್ಲೋರಿನ್, ಬ್ರೋಮಿನ್, ಅಯೊಡಿನ್ ಗುಂಪು), ನೈಟ್ರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲದ ಪಾಠ ಕೇಳಿರುವುದಿಲ್ಲ.

2024ರ ಏಪ್ರಿಲ್‌ನ ಸಿಇಟಿಯಲ್ಲಿ ಕೈಬಿಟ್ಟ ಭಾಗದ ಪ್ರಶ್ನೆಗಳು ಬಂದಾಗ ದೊಡ್ಡ ಗಲಾಟೆಯಾಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಟ್ಟಿತು. ಅವುಗಳಲ್ಲಿ 15 ರಸಾಯನಶಾಸ್ತ್ರದವು. ಆ ಎಡವಟ್ಟು ಎಲ್ಲರ ಕಣ್ಣಿಗೆ ಬಿತ್ತು. ಲ್ಯಾಬಿನೊಳಗಿನ ಇದೇ ಬಗೆಯ ಎಡವಟ್ಟು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಪ್ರಾಕ್ಟಿಕಲ್‌ನ 30 ಅಂಕ ಹೇಗೂ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅತ್ತ ನೀಟ್‌ನವರು 2024ರ ಪಠ್ಯಕ್ರಮದಲ್ಲಿ ಪಿ-ಬ್ಲಾಕ್ ಉಳಿಸಿಕೊಂಡದ್ದಲ್ಲದೆ, ಪ್ರಾಯೋಗಿಕ ರಸಾಯನಶಾಸ್ತ್ರದ ತತ್ವಗಳು ಎಂಬ ಘಟಕವನ್ನೇ ಇಟ್ಟರು: ಪರ್ಮಾಂಗನೇಟ್ ಟೈಟ್ರೇಶನ್ (ಒಂದು ದ್ರಾವಣ ಹನಿಸುತ್ತಾ ಇನ್ನೊಂದರ ಸಾಂದ್ರತೆ ಅಳೆಯುವುದು), ಸಾಲ್ಟ್ ಅನಾಲಿಸಿಸ್‌ನ ಹಿಂದಿನ ರಸಾಯನ, ಸಾಲ್ (ಸಣ್ಣ ಕಣಗಳು ಕರಗದೆ ಹರಡಿ ನಿಂತ ಕಲಿಲ) ತಯಾರಿಕೆ ಎಲ್ಲ ಅದರಲ್ಲಿದೆ. ಅಂದರೆ ತರಗತಿಯಲ್ಲಿ ಹೇಳದ್ದನ್ನು ಲ್ಯಾಬ್ ಮಾಡಿಸುತ್ತದೆ, ಪ್ರವೇಶ ಪರೀಕ್ಷೆ ಕೇಳುತ್ತದೆ.

ಹೋದ ಅಧ್ಯಾಯಗಳನ್ನು ವಾಪಸ್ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ವಾದ ಅರ್ಧ ಮಾತ್ರ ನಿಜ. ಪಿ-ಬ್ಲಾಕ್ ಇದ್ದಾಗಲೂ ಅದನ್ನು ಕಲಿಸುತ್ತಿದ್ದದ್ದು ಬಾಯಿಪಾಠದ ಪಟ್ಟಿಯಾಗಿ. ಲ್ಯಾಬಿಗೆ ಅದರಿಂದ ಆಗುತ್ತಿದ್ದ ಉಪಯೋಗ ಅಷ್ಟಕ್ಕಷ್ಟೇ. ಸಾಲ್ಟ್ ಅನಾಲಿಸಿಸ್‌ಗೆ ನಿಜವಾಗಿ ಬೇಕಾದ ಮೂರು ಹತ್ಯಾರಗಳು ಪುಸ್ತಕದಲ್ಲಿ ಈಗಲೂ ಇವೆ. ಮೊದಲ ಪಿಯುನ ರಾಸಾಯನಿಕ ಸಮತೋಲನದಲ್ಲಿ ದ್ರಾವ್ಯತಾ ಗುಣಲಬ್ಧವಿದೆ (ಅಯಾನುಗಳ ಸಾಂದ್ರತೆಯ ಗುಣಲಬ್ಧ ಈ ಮಿತಿ ಮೀರಿದರೆ ಪ್ರಕ್ಷೇಪ ಬೀಳುತ್ತದೆ), ಸಮಾನ ಅಯಾನು ಪರಿಣಾಮವಿದೆ (ಅದೇ ಅಯಾನನ್ನು ಹೊರಗಿನಿಂದ ಸೇರಿಸಿದರೆ ಅಯಾನೀಕರಣ ತಗ್ಗುತ್ತದೆ). ಅದೇ ವರ್ಷ ರೆಡಾಕ್ಸ್, ಅಂದರೆ ಎಲೆಕ್ಟ್ರಾನು ಕೊಡು-ಕೊಳ್ಳುವ ಕ್ರಿಯೆಗಳ ಪಾಠ, ಇದೆ. ಎರಡನೇ ವರ್ಷದ ವಿದ್ಯುದ್ರಸಾಯನದಲ್ಲಿ ಯಾವುದು ಎಷ್ಟು ಬಲವಾಗಿ ಎಲೆಕ್ಟ್ರಾನು ಸೆಳೆಯುತ್ತದೆ ಎಂದು ಹೇಳುವ ಎಲೆಕ್ಟ್ರೋಡ್ ವಿಭವಗಳ ಕೋಷ್ಟಕವಿದೆ. ಇವು ಮೂರನ್ನೂ ಲ್ಯಾಬಿನ ಮೇಜಿಗೆ ತಂದರೆ ಹೋದ ಪಾಠದ ಬಹುಭಾಗ ಅಲ್ಲೇ ಹುಟ್ಟುತ್ತದೆ. ಹೇಗೆ ಎನ್ನುವುದನ್ನು ಪ್ರಯೋಗಗಳ ಮೂಲಕವೇ ನೋಡುವುದು ಒಳ್ಳೆಯದು.

ಸಾಲ್ಟ್ ಅನಾಲಿಸಿಸ್‌ನಲ್ಲಿ ಲೋಹದ ಅಯಾನುಗಳನ್ನು, ಯಾವುದನ್ನು ಹಾಕಿದಾಗ ಪ್ರಕ್ಷೇಪವಾಗಿ ಬೀಳುತ್ತವೆ ಎಂಬುದರ ಮೇಲೆ ಗುಂಪುಗಳಾಗಿ ವಿಂಗಡಿಸುತ್ತೇವೆ. ಅಲ್ಯುಮಿನಿಯಂ ಇರುವ ಮೂರನೇ ಗುಂಪಿನಿಂದ ಶುರು ಮಾಡೋಣ. ಅಮೋನಿಯಂ ಕ್ಲೋರೈಡ್ ಹಾಕಿ, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್ ಹಾಕಿ ಎಂದು ಚಾರ್ಟ್ ಹೇಳುತ್ತದೆ. ಮೊದಲನೆಯದು ಯಾಕೆ ಎಂದು ಕೇಳಿದರೆ ‘ಸಮಾನ ಅಯಾನು ಪರಿಣಾಮ ಸರ್’ ಎಂಬ ಉತ್ತರ ತಕ್ಷಣ ಬರುತ್ತದೆ. ಮುಂದೆ ಒಂದು ಪ್ರಶ್ನೆ ಕೇಳಿ, ಮೌನ. ಇದನ್ನು ಮುರಿಯಲು ಎರಡು ಪ್ರನಾಳ, ಹತ್ತು ನಿಮಿಷ ಸಾಕು.

4.93 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್, ಅಂದರೆ ಎಪ್ಸಮ್ ಸಾಲ್ಟ್, 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 0.2 ಮೋಲಾರ್ ದ್ರಾವಣ. ಬಾಟಲಿಯ ಸಾರಯುಕ್ತ ಅಮೋನಿಯಾ ಸುಮಾರು ಒಂದೂವರೆ ಮಿ.ಲೀ. ತೆಗೆದು 100 ಮಿ.ಲೀ.ಗೆ ಏರಿಸಿದರೆ ಅದೂ ಹೆಚ್ಚುಕಡಿಮೆ 0.2 ಮೋಲಾರ್. ಎರಡು ಪ್ರನಾಳಗಳಿಗೂ ಮೆಗ್ನೀಸಿಯಂ ದ್ರಾವಣ 2 ಮಿ.ಲೀ. ಹಾಕಿ. ಎರಡನೆಯದಕ್ಕೆ 0.2 ಗ್ರಾಂ ಅಮೋನಿಯಂ ಕ್ಲೋರೈಡ್ ಪುಡಿ ಹಾಕಿ ಕರಗಿಸಿ. ಈಗ ಎರಡಕ್ಕೂ ಅಮೋನಿಯಾ 2 ಮಿ.ಲೀ. ಸೇರಿಸಿ. ಮೊದಲನೆಯದು ಬೆಳ್ಳಗೆ ಮಬ್ಬಾಗುತ್ತದೆ, ಎರಡನೆಯದು ತಿಳಿಯಾಗಿಯೇ ಉಳಿಯುತ್ತದೆ.

ಲೆಕ್ಕ ಮಾಡಿಸಬೇಕಾದದ್ದು ಆಗಲೇ, ಪ್ರನಾಳ ಕಣ್ಣ ಮುಂದೆ ಇರುವಾಗ. ಸಮ ಗಾತ್ರ ಬೆರೆಸಿದ್ದರಿಂದ ಮೆಗ್ನೀಸಿಯಂ 0.1 ಮೋಲಾರ್, ಅಮೋನಿಯಾ 0.1 ಮೋಲಾರ್. ಅಮೋನಿಯಾದ ಅಯಾನೀಕರಣ ಸ್ಥಿರಾಂಕ 1.8 × 10⁻⁵. ಮೊದಲ ಪ್ರನಾಳದಲ್ಲಿ ಹೈಡ್ರಾಕ್ಸೈಡ್ ಸುಮಾರು 1.3 × 10⁻³ ಮೋಲಾರ್. ಅದರ ವರ್ಗವನ್ನು 0.1ರಿಂದ ಗುಣಿಸಿದರೆ 1.8 × 10⁻⁷. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ದ್ರಾವ್ಯತಾ ಗುಣಲಬ್ಧ 1.8 × 10⁻¹¹. ಹತ್ತು ಸಾವಿರ ಪಟ್ಟು ಮೀರಿತು, ಪ್ರಕ್ಷೇಪ ಬರಲೇಬೇಕು. ಎರಡನೆಯದರಲ್ಲಿ ಅಮೋನಿಯಂ ಸುಮಾರು 1 ಮೋಲಾರ್ ಇರುವುದರಿಂದ ಹೈಡ್ರಾಕ್ಸೈಡ್ 1.8 × 10⁻⁶ಕ್ಕೆ ಕುಸಿಯುತ್ತದೆ, ಗುಣಲಬ್ಧ 3.2 × 10⁻¹³, ಮಿತಿಯ ಕೆಳಗೆ. ಅದೇ ಹೈಡ್ರಾಕ್ಸೈಡಿಗೆ 0.1 ಮೋಲಾರ್ ಅಲ್ಯುಮಿನಿಯಂ ಎದುರಾದರೆ? ಘನ ಮಾಡಿ ಗುಣಿಸಿದಾಗ ಸುಮಾರು 6 × 10⁻¹⁹ ಬರುತ್ತದೆ, ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಮಿತಿಯೋ 10⁻³³ರ ಆಸುಪಾಸು. ಇಷ್ಟು ಚಿಟಿಕೆ ಹೈಡ್ರಾಕ್ಸೈಡ್ ಕೂಡ ಅಲ್ಯುಮಿನಿಯಂಗೆ ಧಾರಾಳ. ಗುಂಪುಗಳೆಂದರೆ ಚಾರ್ಟಿನ ಖಾನೆಗಳಲ್ಲ, ಹೀಗೆ ಅಯಾನಿನ ಸಾಂದ್ರತೆಯನ್ನು ಹಿಡಿತದಲ್ಲಿಟ್ಟು ಹಾಕಿದ ಗೆರೆಗಳು ಎಂದು ವಿದ್ಯಾರ್ಥಿಗೆ ಹೊಳೆಯುವುದು ಇಲ್ಲಿ.

ಮಬ್ಬಾದ ಮೊದಲ ಪ್ರನಾಳವನ್ನು ಚೆಲ್ಲಬೇಡಿ. ಅದಕ್ಕೆ ಈಗ ಅಮೋನಿಯಂ ಕ್ಲೋರೈಡ್ ಹಾಕುತ್ತಾ ಅಲುಗಾಡಿಸಿದರೆ ಬಿಳುಪು ಕರಗಿ ತಿಳಿಯಾಗುತ್ತದೆ. ಸಮತೋಲನ ಹಿಂದಕ್ಕೂ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇನ್ನೊಂದಿಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆ: ಅಮೋನಿಯಂ ಕ್ಲೋರೈಡ್ ಬದಲು ಅಮೋನಿಯಂ ಸಲ್ಫೇಟ್ ಹಾಕಿದರೆ ನಡೆಯುತ್ತದೆಯೇ? ಅಮೋನಿಯಂ ಅಯಾನು ಎರಡರಲ್ಲೂ ಇದೆಯಲ್ಲ. ಬೇರಿಯಂ, ಸ್ಟ್ರಾನ್ಷಿಯಂ ಸಲ್ಫೇಟುಗಳಾಗಿ ಇಲ್ಲೇ ಕೂತುಬಿಡುತ್ತವೆ, ಐದನೇ ಗುಂಪು ಖಾಲಿ ಎಂದು ಉತ್ತರಿಸುವ ವಿದ್ಯಾರ್ಥಿಗೆ ಎಸ್-ಬ್ಲಾಕಿನ ಒಂದು ಪುಟ ತಾನಾಗಿ ಸಿಕ್ಕಂತೆ.

ಇಲ್ಲಿ ಕೆಡುವುದು ಎರಡು ಕಡೆ. ಅಮೋನಿಯಾ ಬಾಟಲಿಯ ಮುಚ್ಚಳ ಸಡಿಲವಾಗಿ ತಿಂಗಳುಗಟ್ಟಲೆ ಇದ್ದರೆ ಅದರಲ್ಲಿ ಉಳಿದಿರುವುದು ಬರೀ ನೀರು. ಅಲ್ಯುಮಿನಿಯಂ ಕೂಡ ಬರುವುದಿಲ್ಲ. ವಾಸನೆಯಲ್ಲಿ ಅಳೆಯದೆ, ದ್ರಾವಣ ಪ್ರತ್ಯಾಮ್ಲೀಯವಾಯಿತೇ ಎಂದು ಲಿಟ್ಮಸ್‌ನಲ್ಲಿ ನೋಡಬೇಕು. ಇನ್ನೊಂದು, ಎರಡನೇ ಗುಂಪಿಗೆ ಹಾಯಿಸಿದ ಹೈಡ್ರೋಜನ್ ಸಲ್ಫೈಡನ್ನು ಕುದಿಸಿ ಓಡಿಸದೆ ನೈಟ್ರಿಕ್ ಆಮ್ಲ ಹಾಕುವುದು. ಗಂಧಕ ಹಾಲಿನಂತೆ ಬೇರ್ಪಡುತ್ತದೆ, ವಿದ್ಯಾರ್ಥಿ ಅದನ್ನೇ ಅಲ್ಯುಮಿನಿಯಂ ಎಂದು ಬರೆಯುತ್ತಾನೆ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಗಂಜಿಯ ಗಟ್ಟಿಯಂತೆ ತೇಲುತ್ತದೆ, ಸಾರರಿಕ್ತ ಆಮ್ಲದಲ್ಲಿ ಕರಗುತ್ತದೆ, ಗಂಧಕ ಕರಗುವುದಿಲ್ಲ.

ಎರಡನೇ ಗುಂಪಿನ ಮಾತು ಬಂದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುವ ಕಿಪ್ಸ್ ಉಪಕರಣದ ಮಾತು ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ನಾತ ಎಂದು ನಗುವ ವಿಷಯವಲ್ಲ. ನೂರು ಪಿಪಿಎಂ ಹತ್ತಿರ ಬಂದಾಗ ಮೂಗೇ ಸೋಲುತ್ತದೆ, ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ಫ್ಯೂಮ್ ಹುಡ್ ಇಲ್ಲದ ಲ್ಯಾಬಿನಲ್ಲಿ ನಲವತ್ತು ಮಂದಿ ಇದನ್ನು ಹಾಯಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬದಲಿಗೆ ಬಳಸುವ ಥಯೋಅಸಿಟಮೈಡ್ ಕೂಡ ಕ್ಯಾನ್ಸರ್ ತರಬಹುದೆಂಬ ಶಂಕೆಯ ವಸ್ತು, ಕೈಗವಸಿಲ್ಲದೆ ಮುಟ್ಟುವಂಥದ್ದಲ್ಲ. ಪಿಯು ಮಟ್ಟದಲ್ಲಿ ಕೊಡುವುದು ಒಂದೇ ಕ್ಯಾಟಯಾನು (ಧನ ಅಯಾನು). ಆ ಗುಂಪಿನಲ್ಲಿ ಸಾಮಾನ್ಯವಾಗಿ ಬರುವ ತಾಮ್ರವನ್ನು ಅಮೋನಿಯಾದ ಕಡುನೀಲಿಯೇ ಹೇಳುತ್ತದೆ. ಹಾಗಾಗಿ ಅನಿಲವನ್ನು ಬಿಟ್ಟು ಲೆಕ್ಕವನ್ನು ಉಳಿಸಿಕೊಳ್ಳಬಹುದು. 0.3 ಮೋಲಾರ್ ಆಮ್ಲದಲ್ಲಿ ಪಠ್ಯದ ಸ್ಥಿರಾಂಕಗಳ ಪ್ರಕಾರ ಸಲ್ಫೈಡ್ ಅಯಾನು 10⁻²¹ ಮೋಲಾರ್ ಸುತ್ತ. ತಾಮ್ರ 0.01 ಮೋಲಾರ್ ಇದ್ದರೆ ಗುಣಲಬ್ಧ 10⁻²³. ತಾಮ್ರದ ಸಲ್ಫೈಡಿನ ಮಿತಿ 6.3 × 10⁻³⁶, ಬಂದೇ ಬರುತ್ತದೆ. ಮ್ಯಾಂಗನೀಸಿನದ್ದು 2.5 × 10⁻¹³, ಬರುವ ಮಾತೇ ಇಲ್ಲ. ಸತುವಿನದ್ದು 1.6 × 10⁻²⁴. ಅದು ಅಂಚಿನಲ್ಲಿ ನಿಂತ ಲೋಹ. ಆಮ್ಲ ತುಸು ಕಡಿಮೆಯಾದರೆ ನಾಲ್ಕನೇ ಗುಂಪಿನ ಸತು ಎರಡನೆಯದರಲ್ಲೇ ಬೆಳ್ಳಗೆ ಬಂದು ಕೂರುತ್ತದೆ. ಆಮ್ಲ ವಿಪರೀತವಾದರೆ ಸೀಸ ಕೂಡ ಬಾರದೆ ಉಳಿಯುತ್ತದೆ.

ಸೀಸಕ್ಕೆ ಎರಡು ಗುಂಪಿನಲ್ಲೂ ಜಾಗ ಯಾಕೆ ಎಂಬುದಕ್ಕೂ ಇದೇ ಉತ್ತರ. ಸೀಸದ ಕ್ಲೋರೈಡಿನ ಮಿತಿ 1.6 × 10⁻⁵, ಅಂದರೆ ನೀರಿನಲ್ಲಿ 0.016 ಮೋಲಾರ್ ಕರಗುತ್ತದೆ. ಮೊದಲ ಗುಂಪಿನಲ್ಲಿ ಪೂರ್ತಿ ಇಳಿಯದೆ ಸೋಸಿದ ದ್ರವದಲ್ಲಿ ಒಂದಿಷ್ಟು ಮುಂದಕ್ಕೆ ಸಾಗುತ್ತದೆ. ಸೀಸದ ಪ್ರನಾಳಗಳನ್ನು ಸಿಂಕಿಗೆ ಸುರಿಯದೆ ಒಂದು ಬಾಟಲಿಗೆ ಸೇರಿಸುವ ಅಭ್ಯಾಸವನ್ನೂ ಅಂದೇ ಹಚ್ಚಬೇಕು. ಬೇರಿಯಂ ಪರೀಕ್ಷೆಯ ಕ್ರೋಮೇಟ್‌ಗೂ ಹಾಗೆಯೇ. ಅಮೋನಿಯಂಗೆ ನೆಸ್ಲರ್ ದ್ರಾವಣ ಬಳಸುವುದನ್ನಂತೂ ನಿಲ್ಲಿಸಬಹುದು, ಅದರಲ್ಲಿರುವುದು ಪಾದರಸ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬೆಚ್ಚಗೆ ಮಾಡಿ, ಪ್ರನಾಳದ ಬಾಯಿಗೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ನೀಲಿಯಾದರೆ ಸಾಕು. ಕಾಗದ ಪ್ರನಾಳದ ಗೋಡೆಗೆ ತಾಗಿದರೆ ಅಂಟಿದ ಕ್ಷಾರವೇ ಅದನ್ನು ನೀಲಿ ಮಾಡುತ್ತದೆ, ಅಷ್ಟು ಎಚ್ಚರ.

ಹ್ಯಾಲೋಜನ್ ಅಧ್ಯಾಯ ಹೋದದ್ದು ಲ್ಯಾಬಿಗೆ ಬಿದ್ದ ದೊಡ್ಡ ಏಟು. ಸಾರಯುಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಕ್ಲೋರೈಡ್ ಬಣ್ಣವಿಲ್ಲದ ಹೊಗೆ ಕೊಡುತ್ತದೆ, ಬ್ರೋಮೈಡ್ ಕೆಂಗಂದು, ಅಯೊಡೈಡ್ ನೇರಳೆ. ಮೂರನ್ನೂ ಮೂರು ಬಣ್ಣವಾಗಿ ಕಂಠಪಾಠ ಮಾಡುವ ಬದಲು ವಿದ್ಯುದ್ರಸಾಯನದ ಕೋಷ್ಟಕ ತೆರೆಯಿರಿ: ಅಯೊಡಿನ್ 0.54 ವೋಲ್ಟ್, ಬ್ರೋಮಿನ್ 1.09, ಕ್ಲೋರಿನ್ 1.36. ಎಲೆಕ್ಟ್ರಾನು ಬಿಟ್ಟುಕೊಡಲು ಅಯೊಡೈಡ್ ಮುಂದು, ಕ್ಲೋರೈಡ್ ಹಿಂದು. ಸಲ್ಫ್ಯೂರಿಕ್ ಆಮ್ಲ ಮೊದಲೆರಡನ್ನು ಉತ್ಕರ್ಷಿಸುತ್ತದೆ, ಮೂರನೆಯದರ ಮುಂದೆ ಸೋತು ಹೈಡ್ರೋಜನ್ ಕ್ಲೋರೈಡ್ ಅನಿಲವಷ್ಟೇ ಹೊರಬರುತ್ತದೆ. ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದಾಗ ಬರುವ ದಟ್ಟ ಬಿಳಿ ಹೊಗೆ ಅದರದ್ದೇ.

ಇದನ್ನು ಹನಿಗಳಲ್ಲೇ ಮಾಡಿ ತೋರಿಸಬಹುದು. ಬಿಳಿ ಕಾಗದದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಪೊಟ್ಯಾಸಿಯಂ ಅಯೊಡೈಡ್, ಬ್ರೋಮೈಡ್, ಕ್ಲೋರೈಡ್‌ಗಳ 0.1 ಮೋಲಾರ್ ದ್ರಾವಣದ ಎರಡೆರಡು ಹನಿ, ಪಕ್ಕದಲ್ಲಿ ಬರೀ ನೀರಿನ ಎರಡು ಹನಿ. ಎಲ್ಲಕ್ಕೂ 0.1 ಮೋಲಾರ್ ಫೆರಿಕ್ ಕ್ಲೋರೈಡ್ ಒಂದೊಂದು ಹನಿ. ಫೆರಿಕ್‌ನ ವಿಭವ 0.77, ಅದು ಅಯೊಡಿನ್‌ಗೂ ಬ್ರೋಮಿನ್‌ಗೂ ನಡುವೆ ಇದೆ. ಹಾಗಾಗಿ ಅಯೊಡೈಡ್ ಮಾತ್ರ ಕಂದಾಗುತ್ತದೆ, ಗಂಜಿ ಹನಿ ಸೇರಿಸಿದರೆ ಕಪ್ಪುನೀಲಿ. ನೀರಿನ ಹನಿ ಯಾಕೆಂದರೆ ಫೆರಿಕ್ ಕ್ಲೋರೈಡಿಗೆ ತನ್ನದೇ ಹಳದಿ ಇದೆ. ಹೋಲಿಕೆ ಇಲ್ಲದೆ ಹೋದರೆ ಬ್ರೋಮೈಡ್ ಕೂಡ ‘ಬಣ್ಣ ಬಂತು’ ಎಂದು ಬರೆದುಬಿಡುತ್ತಾರೆ. ಎರಡನೇ ಸಾಲಿನಲ್ಲಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ತೆಳು ಪರ್ಮಾಂಗನೇಟ್ ಹನಿ. ಇದರ ವಿಭವ 1.51. ಅಯೊಡೈಡ್ ತಟ್ಟನೆ ಕಂದು, ಬ್ರೋಮೈಡ್ ನಿಧಾನವಾಗಿ ನೇರಳೆ ಕಳೆದುಕೊಂಡು ಹಳದಿಗೆ ತಿರುಗುತ್ತದೆ. ಆಮ್ಲ ಸಾಲದಿದ್ದರೆ ಇದು ಬಹಳ ಹೊತ್ತು ಹಿಡಿಯುತ್ತದೆ. ಕ್ಲೋರೈಡ್ ನೇರಳೆಯಾಗಿಯೇ ಉಳಿಯುತ್ತದೆ. 1.51 ದೊಡ್ಡದು, 1.36 ಚಿಕ್ಕದು, ಮತ್ತೆ ಕ್ಲೋರೈಡ್ ಯಾಕೆ ಉತ್ಕರ್ಷಿತವಾಗಲಿಲ್ಲ? ವಿಭವ ಹೇಳುವುದು ಆಗಬಹುದೇ ಎಂಬುದನ್ನು. ಎಷ್ಟು ಬೇಗ ಎಂಬುದನ್ನಲ್ಲ. ಈ ಒಂದು ಹನಿ ವಿದ್ಯುದ್ರಸಾಯನಕ್ಕೂ ವೇಗಶಾಸ್ತ್ರಕ್ಕೂ ನಡುವಿನ ಸೇತುವೆ.

ಇಲ್ಲಿಂದ ಟೈಟ್ರೇಶನ್‌ಗೆ ನೇರ ದಾರಿ. ಪರ್ಮಾಂಗನೇಟ್ ಟೈಟ್ರೇಶನ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬಳಸಬಾರದು ಎಂಬ ವೈವಾ ಪ್ರಶ್ನೆಗೆ ‘ಕ್ಲೋರಿನ್ ಬರುತ್ತದೆ’ ಎನ್ನುವ ಉತ್ತರ ಎಲ್ಲರಿಗೂ ಗೊತ್ತು. ಆದರೆ ಹನಿಯಲ್ಲಿ ಬರಲಿಲ್ಲವಲ್ಲ! ಟೈಟ್ರೇಶನ್‌ಗೆ ಬಳಸುವ ಮೋಹರ್ಸ್ ಸಾಲ್ಟಿನಲ್ಲಿ (ಫೆರಸ್ ಅಮೋನಿಯಂ ಸಲ್ಫೇಟ್) ಫೆರಸ್ ಇದೆ. ಫೆರಸ್ ಉತ್ಕರ್ಷಿತವಾಗುವ ಕ್ರಿಯೆಯೇ ಪಕ್ಕದಲ್ಲಿರುವ ಕ್ಲೋರೈಡನ್ನೂ ಎಳೆದುಕೊಂಡು ಹೋಗುತ್ತದೆ, ಬ್ಯೂರೆಟ್ ರೀಡಿಂಗ್ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲವಾದರೆ ತಾನೇ ಉತ್ಕರ್ಷಕ, ರೀಡಿಂಗ್ ಕಡಿಮೆ ಬರುತ್ತದೆ. ತಪ್ಪು ಯಾವ ದಿಕ್ಕಿನಲ್ಲಿ ಎಂದು ಕೇಳಿದರೆ ಮಾತ್ರ ವಿದ್ಯಾರ್ಥಿ ಯೋಚಿಸುತ್ತಾನೆ.

ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಬಿಸಿ ಮಾಡಿ ಎನ್ನುತ್ತೇವೆ. ಕೋಣೆಯ ಉಷ್ಣತೆಯಲ್ಲಿ ಕ್ರಿಯೆ ನಿಧಾನ, ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದು ರೀಡಿಂಗ್ ತಗ್ಗುತ್ತದೆ. ಮೊದಲ ಹನಿ ಬಿದ್ದಾಗ ನೇರಳೆ ನಿಂತೇ ಇರುತ್ತದೆ, ಅವಸರದ ಹುಡುಗ ಅದನ್ನೇ ಎಂಡ್ ಪಾಯಿಂಟ್ ಎನ್ನುತ್ತಾನೆ. ಐದಾರು ಹನಿಯ ನಂತರ ಬಣ್ಣ ಬೀಳುವಷ್ಟರಲ್ಲೇ ಮಾಯ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನಸ್ ಅಯಾನು ತನ್ನದೇ ಕ್ರಿಯೆಗೆ ವೇಗವರ್ಧಕ. ಇದನ್ನು ಹೇಳುವುದಕ್ಕಿಂತ ತೋರಿಸುವುದು ಸುಲಭ: ಎರಡು ಕೋನಿಕಲ್ ಫ್ಲಾಸ್ಕ್‌ಗಳಲ್ಲಿ 10 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ, 10 ಮಿ.ಲೀ. 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಬಿಸಿ ಮಾಡದೆ. ಒಂದಕ್ಕೆ ಚಿಟಿಕೆ ಮ್ಯಾಂಗನಸ್ ಸಲ್ಫೇಟ್. ಎರಡಕ್ಕೂ 0.02 ಮೋಲಾರ್ ಪರ್ಮಾಂಗನೇಟ್ 1 ಮಿ.ಲೀ. ಹಾಕಿ ಗಡಿಯಾರ ಹಿಡಿಯಿರಿ. ನಡುವೆ ಕಂದು ಮಬ್ಬು ಕಂಡರೆ ಆಮ್ಲ ಸಾಲಲಿಲ್ಲ, ಮ್ಯಾಂಗನೀಸ್ ಡೈಆಕ್ಸೈಡಿನಲ್ಲೇ ಕ್ರಿಯೆ ನಿಂತಿದೆ ಎಂದರ್ಥ. ಆ ಫ್ಲಾಸ್ಕ್ ಬಿಟ್ಟು ಹೊಸದಾಗಿ ಮಾಡಬೇಕು. ಮೋಹರ್ಸ್ ಸಾಲ್ಟನ್ನು ಮಾತ್ರ ಬಿಸಿ ಮಾಡುವಂತಿಲ್ಲ, ಗಾಳಿಯೇ ಫೆರಸ್ಸನ್ನು ತಿನ್ನುತ್ತದೆ. ಕರಗಿಸುವಾಗಲೇ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಬೇಕು, ಇಲ್ಲದಿದ್ದರೆ ದ್ರಾವಣ ಹಳದಿಯಾಗಿ ಮಬ್ಬಾಗುತ್ತದೆ.

ಈಗ ರೀಡಿಂಗ್‌ಗಳ ವಿಷಯ. ರೆಕಾರ್ಡ್ ತೆರೆದರೆ 10.0, 10.0, 10.0. ಎಲ್ಲರಿಗೂ ಒಂದೇ ಬಾಟಲಿ ಇಟ್ಟರೆ ಮೊದಲು ಮುಗಿಸಿದವನ ಅಂಕಿ ಲ್ಯಾಬಿನ ಕೊನೆಯ ಮೇಜಿಗೆ ತಲುಪಲು ಐದು ನಿಮಿಷವೂ ಬೇಡ. ಪರಿಹಾರಕ್ಕೆ ತಗಲುವ ಖರ್ಚು ನಾಲ್ಕು ಲೇಬಲ್ ಅಷ್ಟೇ. ಆಕ್ಸಾಲಿಕ್ ಆಮ್ಲದ ಡೈಹೈಡ್ರೇಟ್ 2.84, 3.15, 3.47, 3.78 ಗ್ರಾಂ ತೂಗಿ, ಒಂದೊಂದನ್ನೂ 500 ಮಿ.ಲೀ.ಗೆ ಏರಿಸಿ. ಸಾಂದ್ರತೆಗಳು 0.045, 0.050, 0.055, 0.060 ಮೋಲಾರ್. 0.02 ಮೋಲಾರ್ ಪರ್ಮಾಂಗನೇಟ್ ಎದುರು 10 ಮಿ.ಲೀ.ಗೆ ರೀಡಿಂಗ್ ಕ್ರಮವಾಗಿ 9, 10, 11, 12 ಮಿ.ಲೀ. ಬರಬೇಕು. ಒಬ್ಬರಿಗೆ 40 ಮಿ.ಲೀ. ಎಂದರೆ ನಾಲ್ಕು ಬಾಟಲಿ ನಲವತ್ತೆಂಟು ಮಂದಿಗೆ ಸಾಕು. ಪರ್ಮಾಂಗನೇಟನ್ನು ತೂಗಿದ ಲೆಕ್ಕಕ್ಕೇ ನಂಬುವಂತಿಲ್ಲ ಎಂಬುದು ನೆನಪಿರಲಿ: ಲೀಟರಿಗೆ 3.16 ಗ್ರಾಂ ಹಾಕಿ ಕುದಿಸಿ, ಆರಿಸಿ, ಗಾಜಿನ ಉಣ್ಣೆಯಲ್ಲಿ ಸೋಸಿ, ಕಂದು ಬಾಟಲಿಯಲ್ಲಿಟ್ಟು, ಆಕ್ಸಾಲಿಕ್ ಆಮ್ಲದ ಎದುರು ಅಳೆದ ಮೇಲೆ ಬಂದ ಅಂಕಿಯೇ ಅದರ ಸಾಂದ್ರತೆ. ಸೋಸು ಕಾಗದ ಬೇಡ, ಪರ್ಮಾಂಗನೇಟ್ ಕಾಗದವನ್ನೂ ಉತ್ಕರ್ಷಿಸುತ್ತದೆ. ಅದೇ ಕಾರಣಕ್ಕೆ ರಬ್ಬರ್ ನಳಿಗೆಯ ಬ್ಯೂರೆಟ್ಟೂ ಬೇಡ.

ರಾಸಾಯನಿಕ ಉಳಿಸಲು 20 ಮಿ.ಲೀ. ಪಿಪೆಟ್ ಬದಲು 10 ಮಿ.ಲೀ. ಬಳಸುವುದು ಈಗ ಸಾಮಾನ್ಯ. ಅದರ ಬೆಲೆಯನ್ನೂ ವಿದ್ಯಾರ್ಥಿಗೆ ಹೇಳಬೇಕು. 50 ಮಿ.ಲೀ. ಬ್ಯೂರೆಟ್ಟಿನ ಚಿಕ್ಕ ಗೆರೆ 0.1 ಮಿ.ಲೀ.; ಕಣ್ಣಿನ ಅಂದಾಜು 0.05. ಮೊದಲು, ಕೊನೆ ಎರಡೂ ಓದುವುದರಿಂದ ಹೆಚ್ಚೆಂದರೆ 0.1 ಮಿ.ಲೀ. ತಪ್ಪಬಹುದು. ರೀಡಿಂಗ್ 10 ಬಂದರೆ ಅದು ಶೇ. 1, 25 ಬಂದರೆ ಶೇ. 0.4. ಒಂದು ಹನಿಯೇ ಸುಮಾರು 0.05 ಮಿ.ಲೀ. ಹೀಗಿರುವಾಗ ಸಾಂದ್ರತೆಯನ್ನು ನಾಲ್ಕು ದಶಾಂಶದವರೆಗೆ ಬರೆಯುವುದು ಕ್ಯಾಲ್ಕುಲೇಟರಿನ ಹೆಮ್ಮೆ ಅಷ್ಟೇ. ಉಳಿದ ತಪ್ಪುಗಳು ಹಳೆಯವೇ: ನಲ್ಲಿಯ ಕೆಳಗೆ ಗಾಳಿಗುಳ್ಳೆ, ಮೇಲೆ ಮರೆತುಬಿಟ್ಟ ಫನೆಲ್, ಪಿಪೆಟ್ಟಿನ ಕೊನೆಯ ಹನಿಯನ್ನು ಊದುವುದು, ಕೋನಿಕಲ್ ಫ್ಲಾಸ್ಕನ್ನು ನೀರಿನ ಬದಲು ದ್ರಾವಣದಿಂದಲೇ ತೊಳೆಯುವುದು. ಕಡುನೇರಳೆಯಲ್ಲಿ ಕೆಳಗಿನ ಬಾಗು ಕಾಣದ್ದರಿಂದ ಮೇಲಿನ ಅಂಚನ್ನೇ ಓದಬೇಕು; ಎರಡು ಸಲವೂ ಮೇಲಿನದನ್ನೇ ಓದಿದರೆ ತಪ್ಪು ವಜಾ ಆಗುತ್ತದೆ. ಬಾಯಲ್ಲಿ ಪಿಪೆಟ್ ಎಳೆಯುವ ರೂಢಿ ಇನ್ನೂ ಇರುವ ಕಡೆ ಆಕ್ಸಾಲಿಕ್ ಆಮ್ಲ ವಿಷ ಎಂದು ಬೋರ್ಡಿನ ಮೇಲೆ ಬರೆದರೆ ಸಾಲದು, ರಬ್ಬರ್ ಬಲ್ಬ್ ಕೊಳ್ಳಬೇಕು.

ಕಂದು ಉಂಗುರಕ್ಕೆ ಮರಳೋಣ. 1 ಮಿ.ಲೀ. ಸಾಲ್ಟಿನ ನೀರು, ಆಗತಾನೇ ಮಾಡಿದ ಫೆರಸ್ ಸಲ್ಫೇಟ್ 2 ಮಿ.ಲೀ. (1 ಗ್ರಾಂ ಹರಳು, 5 ಮಿ.ಲೀ. ನೀರು, ಒಂದು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ). ಪ್ರನಾಳವನ್ನು ಓರೆ ಹಿಡಿದು ಸಾರಯುಕ್ತ ಆಮ್ಲ ಒಂದು ಮಿ.ಲೀ. ಗೋಡೆಗುಂಟ ಬಿಡಬೇಕು. ಆಮ್ಲದ ಸಾಂದ್ರತೆ ಮಿ.ಲೀ.ಗೆ 1.84 ಗ್ರಾಂ, ಹಾಗಾಗಿ ತಳಕ್ಕಿಳಿದು ಪದರವಾಗಿ ನಿಲ್ಲುತ್ತದೆ. ನೈಟ್ರೇಟನ್ನು ಫೆರಸ್ ಅಪಕರ್ಷಿಸಲು ಪ್ರಬಲ ಆಮ್ಲ ಬೇಕು. ಆಮ್ಲ, ಫೆರಸ್, ನೈಟ್ರೇಟ್ ಮೂರೂ ಒಟ್ಟಿಗೆ ಸಿಗುವುದು ಆ ಗಡಿಯಲ್ಲಿ ಮಾತ್ರ. ಹುಟ್ಟಿದ ನೈಟ್ರಿಕ್ ಆಕ್ಸೈಡ್ ಉಳಿದ ಫೆರಸ್ಸಿನ ಜೊತೆ ಕಂದು ಸಂಕೀರ್ಣ ಕಟ್ಟುತ್ತದೆ. ಅಲುಗಾಡಿಸಿದರೆ ಆಮ್ಲ ನೀರಿಗೆ ಬೆರೆತು ಬಿಸಿಯಾಗುತ್ತದೆ, ಸಂಕೀರ್ಣ ಒಡೆಯುತ್ತದೆ. ಇಲ್ಲಿ ಪದರ, ರೆಡಾಕ್ಸ್, ಕೋಆರ್ಡಿನೇಶನ್ (ಸಂಕೀರ್ಣಗಳ ರಸಾಯನ) ಮೂರೂ ಇವೆ, ಕೊನೆಯೆರಡು ಈಗಿನ ಪುಸ್ತಕದಲ್ಲೂ ಇವೆ. ಆ ಸಂಕೀರ್ಣದಲ್ಲಿ ಕಬ್ಬಿಣದ ಉತ್ಕರ್ಷಣ ಸಂಖ್ಯೆ +1 ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಈಚಿನ ಅಧ್ಯಯನಗಳು ಅದನ್ನು +3 ಎಂದೇ ನೋಡುತ್ತವೆ. ಚುರುಕು ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಕೆಣಕು.

ಉಂಗುರ ಬಾರದಿದ್ದರೆ ಮೊದಲು ಫೆರಸ್ ಸಲ್ಫೇಟನ್ನು ನೋಡಿ. ಹಳದಿ ತಿರುಗಿದ್ದರೆ ಅದು ಫೆರಿಕ್ ಆಗಿದೆ, ಎಸೆಯಿರಿ. ಬ್ರೋಮೈಡ್, ಅಯೊಡೈಡ್ ಇದ್ದರೂ ಗಡಿಯಲ್ಲಿ ಕಂದು ಬರುತ್ತದೆ, ಅದು ಹ್ಯಾಲೋಜನ್ನಿನ ಬಣ್ಣ. ನೈಟ್ರೈಟ್ ಆದರೆ ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲದಲ್ಲೇ ಕಂದಾಗುತ್ತದೆ; ಸಾರಯುಕ್ತ ಆಮ್ಲಕ್ಕೆ ಮೊದಲೇ ಅದನ್ನು ನೋಡಿಕೊಂಡಿರಬೇಕು.

ಮೇಲ್ಮೈ ರಸಾಯನದ ಪಾಠವಿಲ್ಲದೆ ಸಾಲ್ ಮಾಡಿಸುವುದಕ್ಕೂ ಇದೇ ದಾರಿ. ಕುದಿಯುವ 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಶೇ. 2ರ ಫೆರಿಕ್ ಕ್ಲೋರೈಡ್ 10 ಮಿ.ಲೀ. ಹನಿಹನಿಯಾಗಿ. ಕೆಂಗಂದು ತಿಳಿ ದ್ರವ ಬರಬೇಕು. ನಲ್ಲಿ ನೀರು ಬಳಸಿದರೆ ಅದರಲ್ಲಿನ ಲವಣಗಳೇ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತವೆ. ಲೇಸರ್ ಪಾಯಿಂಟರ್ ಹಾಯಿಸಿ, ಕಣಗಳಿಂದ ಬೆಳಕಿನ ದಾರಿ ಕಾಣುವ ಟಿಂಡಾಲ್ ಪರಿಣಾಮ ನೋಡಿ, ಕೊನೆಗೆ ಬೇಕೆಂದೇ ಸೋಡಿಯಂ ಸಲ್ಫೇಟ್ ಹನಿಸಿ ಕೆಡಿಸಿದರೆ ಕೈಬಿಟ್ಟ ಅಧ್ಯಾಯದ ಮುಖ್ಯ ಮಾತು ಆ ಬೀಕರಿನಲ್ಲೇ ಮುಗಿಯುತ್ತದೆ.

ಇದಕ್ಕೆಲ್ಲ ಹೊತ್ತು ಎಲ್ಲಿದೆ ಎಂದು ಉಪನ್ಯಾಸಕರು ಕೇಳುವುದು ನ್ಯಾಯವೇ. ಎರಡು ಗಂಟೆಯ ಲ್ಯಾಬ್, ಒಂದು ಬ್ಯಾಚಿಗೆ ಮೂವತ್ತು ನಲವತ್ತು ಮಂದಿ, ಒಬ್ಬ ಅಟೆಂಡರ್, ಅದರ ಮೇಲೆ ಸಿಇಟಿ, ನೀಟ್ ಕೋಚಿಂಗಿನ ಗಡಿಬಿಡಿ. ಹೊತ್ತು ಸಿಗುವುದು ಸಂಖ್ಯೆ ಇಳಿಸಿದಾಗ. ವರ್ಷಕ್ಕೆ ಹತ್ತು ಸಾಲ್ಟನ್ನು ಚಾರ್ಟ್ ನೋಡಿ ಮಾಡಿಸುವುದಕ್ಕಿಂತ ಐದನ್ನು ಈ ರೀತಿ ಮಾಡಿಸಿದರೆ ನಷ್ಟವಿಲ್ಲ. ರೆಕಾರ್ಡಿನಲ್ಲಿ ಉದ್ದೇಶ, ಉಪಕರಣ, ವಿಧಾನ ಎಂದು ಪುಟ ತುಂಬಿಸುವ ಕಾಲವನ್ನು ಉಳಿಸಿದರೂ ಅರ್ಧ ಗಂಟೆ ದಕ್ಕುತ್ತದೆ. ಆನ್‌ಲೈನ್ ವರ್ಚುವಲ್ ಲ್ಯಾಬ್‌ಗಳು ಹಿಂದಿನ ದಿನ ವಿಧಾನ ನೋಡಿಕೊಂಡು ಬರಲು ಸರಿ. ಅಲ್ಲಿ ಅಮೋನಿಯಾ ಹಳತಾಗುವುದಿಲ್ಲ, ಫೆರಸ್ ಹಳದಿ ತಿರುಗುವುದಿಲ್ಲ, ಹಾಗಾಗಿ ತಪ್ಪು ಹುಡುಕುವುದನ್ನು ಅವು ಕಲಿಸಲಾರವು.

ಬದಲಾವಣೆ ನಿಲ್ಲಬೇಕಾದರೆ ಪರೀಕ್ಷೆಯಲ್ಲಿ ಅದು ಕಾಣಬೇಕು. ಸಾಲ್ಟ್ ಯಾವುದೆಂದು ಕಂಡುಹಿಡಿಯುವುದರ ಜೊತೆಗೆ ಒಂದು ಕೆಟ್ಟ ಪ್ರಯೋಗವನ್ನೂ ಮುಂದಿಡಬಹುದು. ಎರಡು ಪ್ರನಾಳ: ಎರಡರಲ್ಲೂ ಮೆಗ್ನೀಸಿಯಂ ಮತ್ತು ಅಮೋನಿಯಾ, ಒಂದು ಮಬ್ಬು, ಇನ್ನೊಂದು ತಿಳಿ. ತಿಳಿಯಾಗಿರುವುದರಲ್ಲಿ ಇನ್ನೇನು ಇರಬಹುದು, ಅದನ್ನು ಯಾವ ಪರೀಕ್ಷೆಯಿಂದ ಖಚಿತ ಮಾಡುತ್ತೀರಿ, ಮಬ್ಬಾದದ್ದನ್ನು ತಿಳಿಯಾಗಿಸಲು ಏನು ಹಾಕುತ್ತೀರಿ ಎಂದು ಕೇಳಿ, ಮಾಡಿ ತೋರಿಸಲು ಹೇಳಿ. ನಲವತ್ತು ವಿದ್ಯಾರ್ಥಿಗಳಿಗೆ ಬೇಕಾಗುವುದು ಸುಮಾರು 8 ಗ್ರಾಂ ಎಪ್ಸಮ್ ಸಾಲ್ಟ್, 3 ಮಿ.ಲೀ. ಸಾರಯುಕ್ತ ಅಮೋನಿಯಾ, ಇಪ್ಪತ್ತು ಗ್ರಾಂ ಅಮೋನಿಯಂ ಕ್ಲೋರೈಡ್. ಅಮೋನಿಯಾವನ್ನು ಮಾತ್ರ ಅಂದೇ ಬೆಳಿಗ್ಗೆ ತೆಳು ಮಾಡಿಕೊಳ್ಳಬೇಕು.